ಕಣ್ಣು ಹೊಡೆಯುವ ಕಾರು: 1965ರ ಬ್ಯೂಯಿಕ್ ರಿವಿಯೆರಾ

ಈ ಗಾಡಿ ತಗೊಂಡು ಮೂರು ವರ್ಷ ಆಯಿತು. ಅಮೆರಿಕದ ಮಿಷಿಗನ್‌ನಲ್ಲಿ ಚಳಿಗಾಲ ಬಂತೆಂದರೆ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ತಗುಲಿದರೆ ಗಾಡಿಗೆ ತುಕ್ಕು. ಹಾಗಾಗಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಇದು ಗ್ಯಾರೇಜಿನಲ್ಲಿ ಹೊದ್ದು ಮಲಗಿರುತ್ತದೆ. ಉಳಿದ ತಿಂಗಳು ಓಡಿಸಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮುಂದೆ ನಿಂತು ನೋಡಿದರೆ ಹೆಡ್‌ಲೈಟೇ ಕಾಣುವುದಿಲ್ಲ. ಎರಡೂ ಫೆಂಡರ್ ತುದಿಯಲ್ಲಿ ಉದ್ದನೆಯ ಜಾಲರಿ ಮಾತ್ರ. ಸ್ವಿಚ್ ಎಳೆದರೆ ಆ ಜಾಲರಿ ಕಪ್ಪೆಚಿಪ್ಪಿನ ಹಾಗೆ ಮೇಲಕ್ಕೂ ಕೆಳಕ್ಕೂ ತೆರೆದುಕೊಳ್ಳುತ್ತದೆ. ಒಳಗೆ ಒಂದರ ಮೇಲೊಂದು ಎರಡು ದೀಪ. 1963ರ ಮೊದಲ ಮಾಡೆಲ್‌ಗೇ ಇದನ್ನು ಕೂರಿಸಬೇಕು ಅಂದುಕೊಂಡಿದ್ದರಂತೆ. ಖರ್ಚು ಜಾಸ್ತಿ ಎಂದು ಮುಂದಕ್ಕೆ ಹಾಕಿ, 1965ಕ್ಕೆ ತಂದರು. ನನ್ನ ಗಾಡಿಯಲ್ಲಿ ಎಡಗಡೆಯ ಮೋಟಾರು ಸೋಮಾರಿ. ಬಲಗಣ್ಣು ಬಿಟ್ಟಾದ ಮೇಲೂ ಎಡಗಣ್ಣು ಮುಚ್ಚಿಕೊಂಡೇ ಇರುತ್ತದೆ. ಒಬ್ಬ ಮೆಕ್ಯಾನಿಕ್ ಕೈತುಂಬ ದುಡ್ಡು ತಗೊಂಡು ಸರಿ ಮಾಡಿದ, ಎರಡೇ ವಾರಕ್ಕೆ ಮತ್ತೆ ಅದೇ ಕಥೆ.

ಇದು ಹುಟ್ಟಿದ್ದು ಯಾಕೆಂದರೆ, ಫೋರ್ಡ್‌ನವರು 1958ರಲ್ಲಿ ಥಂಡರ್‌ಬರ್ಡ್ ಕಾರಿಗೆ ನಾಲ್ಕು ಸೀಟು ಹಾಕಿ ಚೆನ್ನಾಗಿ ಮಾರುತ್ತಿದ್ದರು. ಅದಕ್ಕೆ ಎದುರು ನಿಲ್ಲಿಸಲು ಬ್ಯೂಯಿಕ್‌ನ ಒಡೆಯರಾದ ಜನರಲ್ ಮೋಟರ್ಸ್ ಹತ್ತಿರ ಏನೂ ಇರಲಿಲ್ಲ. ಅಲ್ಲಿನ ವಿನ್ಯಾಸದ ಯಜಮಾನ ಬಿಲ್ ಮಿಚೆಲ್. ಲಂಡನ್ನಿನ ಮಂಜಿನಲ್ಲಿ ಒಂದು ರೋಲ್ಸ್ ರಾಯ್ಸ್ ಕಂಡು ಈ ಚೂಪು ಅಂಚಿನ ರೂಪ ಹೊಳೆಯಿತು ಎಂದು ಅವರು ಹೇಳಿಕೊಳ್ಳುತ್ತಿದ್ದರು. ಕಾಗದದ ಮೇಲೆ ಗೀಚಿದ್ದು ಅಲ್ಲಿನ ವಿನ್ಯಾಸಕಾರ ನೆಡ್ ನಿಕಲ್ಸ್. ಲಾಸಾಲ್ ಎಂಬ ಹಳೇ ಹೆಸರಿಟ್ಟು ತಮ್ಮದೇ ದುಬಾರಿ ಕಾರುಗಳ ವಿಭಾಗವಾದ ಕ್ಯಾಡಿಲಾಕ್‌ಗೆ ಕೊಡೋಣ ಎಂದಿದ್ದರು. ಕ್ಯಾಡಿಲಾಕ್ ಬೇಡ ಎಂದಿತು. ಇದ್ದ ಕಾರುಗಳೇ ಸಲೀಸಾಗಿ ಖರ್ಚಾಗುತ್ತಿದ್ದಾಗ ಹೊಸ ತಲೆನೋವು ಯಾರಿಗೆ ಬೇಕು? ಆಮೇಲೆ ಅದೇ ಕಂಪನಿಯ ಪಾಂಟಿಯಾಕ್, ಓಲ್ಡ್ಸ್‌ಮೊಬೀಲ್, ಬ್ಯೂಯಿಕ್ ಮೂರೂ ಕೈಚಾಚಿದವು. ವ್ಯಾಪಾರ ಬಿದ್ದುಹೋಗಿದ್ದ ಬ್ಯೂಯಿಕ್ ಗೆದ್ದಿತು. ಮೊದಲ ವರ್ಷ 4,333 ಡಾಲರ್ ಬೆಲೆ, ಬೇಕೆಂದೇ 40,000 ಕಾರಿಗೆ ಮಿತಿ.

ಬಾನೆಟ್ ಎತ್ತಿದರೆ ಏರ್ ಕ್ಲೀನರ್ ಮೇಲೆ ‘ವೈಲ್ಡ್‌ಕ್ಯಾಟ್ 445’ ಎಂದಿದೆ. ಬಂದವರೆಲ್ಲ ಎಂಜಿನ್ ಗಾತ್ರ ಎಂದುಕೊಳ್ಳುತ್ತಾರೆ. ಅಲ್ಲ, ಅದು ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲದ ಲೆಕ್ಕ. ಎಂಜಿನ್ 401 ಘನ ಇಂಚಿನದು, ಅಂದರೆ ಸುಮಾರು 6.6 ಲೀಟರ್, 325 ಅಶ್ವಶಕ್ತಿ. ವಾಲ್ವ್‌ಗಳು ಸಣ್ಣವು, ಮೊಳೆ ಹೊಡೆದ ಹಾಗೆ ನೆಟ್ಟಗೆ ನಿಂತಿವೆ. ಅದಕ್ಕೇ ಇದನ್ನು ‘ನೇಲ್‌ಹೆಡ್’, ಅಂದರೆ ಮೊಳೆತಲೆ ಎನ್ನುತ್ತಾರೆ. ಕಾಲು ಸುಮ್ನೆ ಇಟ್ಟರೆ ಸಾಕು, ಗಾಡಿ ಸದ್ದಿಲ್ಲದೆ ಜಾರಿಕೊಂಡು ಹೋಗುತ್ತದೆ.

ನಿಲ್ಲಿಸುವುದೇ ಕಷ್ಟ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಭಾರ 1,800 ಕಿಲೋ. ಒಂದು ಸಲ ಸರಿಯಾಗಿ ಹಿಡಿಯುತ್ತದೆ. ಹಿಂದೆಯೇ ಎರಡನೇ ಸಲ ಒತ್ತಿದರೆ ದೇವರು ನೆನಪಾಗುತ್ತಾನೆ. ಪೆಟ್ರೋಲ್ ಲೀಟರಿಗೆ ನಾಲ್ಕು, ನಾಲ್ಕೂವರೆ ಕಿಲೋಮೀಟರ್. ಉದ್ದ ಅಂಬಾಸಿಡರ್‌ಗಿಂತ ಹೆಚ್ಚುಕಡಿಮೆ ಒಂದು ಮೀಟರ್ ಜಾಸ್ತಿ. ಮಾಲ್‌ನ ಪಾರ್ಕಿಂಗ್‌ನಲ್ಲಿ ನನ್ನ ಹೆಂಡತಿ ಮೊದಲೇ ಇಳಿದು, "ರೀ, ನೀವೇ ಒಳಗೆ ಹಾಕಿ ಬನ್ನಿ" ಎಂದು ಹೊರಟುಬಿಡುತ್ತಾಳೆ.

ರಿವಿಯೆರಾ ಎಂಬ ಹೆಸರು 1999ರವರೆಗೆ ಉಳಿಯಿತು. 1986ರಲ್ಲೇ ಡ್ಯಾಶ್‌ಬೋರ್ಡಿನಲ್ಲಿ ಟಚ್‌ಸ್ಕ್ರೀನ್ ಇಟ್ಟಿದ್ದರು, ಗೊತ್ತಾ? ಆದರೂ ನನಗೆ ಮೊದಲ ಮೂರು ವರ್ಷದವೇ ಇಷ್ಟ. ಕೊಳ್ಳುವ ಆಸೆ ಇದ್ದರೆ ಕತ್ತಲಾದ ಮೇಲೆ ನೋಡಲು ಹೋಗಿ, ದೀಪದ ಸ್ವಿಚ್ಚನ್ನು ಹತ್ತು ಸಲ ಹಾಕಿ ತೆಗೆದು ನೋಡಿ.

ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ಹಿಂದೆ ಕೂತಿದ್ದರು. ಈ ಕಾರಿಗೆ ಎರಡೇ ಬಾಗಿಲು, ಆದರೆ ಹಿಂದೆ ಕೂತವರ ಕೈಗೆಟುಕುವ ಹಾಗೆ ಬಾಗಿಲಿನ ಒಳಗಡೆ ಇನ್ನೊಂದು ಹಿಡಿ ಇದೆ. ನಾನು ಸುತ್ತಿ ಬರುವಷ್ಟರಲ್ಲಿ ಅವರೇ ಅದನ್ನು ಎಳೆದು, ಮುಂದಿನ ಸೀಟು ಬಗ್ಗಿಸಿ ಇಳಿದು, ಕಾರಿನ ಮುಂದೆ ನಿಂತಿದ್ದರು.

"ಏನೋ ಇದು, ನಂಗೇ ಕಣ್ಣು ಹೊಡೀತಿದೆಯಲ್ಲೋ!"