ಬರ್ರಿಟೋ, ಬೌಲ್, ಎಗ್ ರೋಲ್: ನನ್ನ ಓಟು ರೋಲ್‌ಗೇ

ಮಧ್ಯಾಹ್ನ ಕೈಯಲ್ಲಿ ಹಿಡಿದು ತಿನ್ನುವಂಥದ್ದು ಬೇಕಾ? ಮೈಸೂರಿನಲ್ಲಿ ನನ್ನ ಆಯ್ಕೆ ಕುವೆಂಪುನಗರದ ಸಣ್ಣ ಅಂಗಡಿಯ ಎಗ್ ರೋಲ್. ಮಾಲ್‌ನ ಫುಡ್ ಕೋರ್ಟಿನ ಬರ್ರಿಟೋ ತಿಂದ ಮೇಲಂತೂ ಅದರಲ್ಲಿ ಎರಡು ಮಾತಿಲ್ಲ.

ಬರ್ರಿಟೋ ಮೇಲೆ ತುಂಬಾ ಆಸೆ ಇತ್ತು. ಅನ್ನ, ರಾಜ್ಮಾ, ಪನೀರ್, ಟೊಮೇಟೊ ಸಾಲ್ಸಾ, ಬೆಣ್ಣೆಹಣ್ಣಿನ ಗ್ವಾಕಮೋಲೆ, ಎಲ್ಲ ಟೋರ್ಟಿಯಾ ಅನ್ನುವ ಒಂದೇ ತೆಳು ಮೈದಾ ರೊಟ್ಟಿಯೊಳಗೆ. ಆದರೆ ಕೌಂಟರಿನ ಹುಡುಗ ಟೋರ್ಟಿಯಾವನ್ನು ಪ್ಯಾಕೆಟ್ಟಿನಿಂದ ತೆಗೆದವನೇ ಸೀದಾ ಫಾಯಿಲ್ ಮೇಲೆ ಹಾಸಿದ. "ಸ್ವಲ್ಪ ಬಿಸಿ ಮಾಡಿ ಕೊಡಪ್ಪಾ" ಅಂದೆ. "ಲೇಟಾಗುತ್ತೆ ಸಾರ್" ಅಂದ. ಬಿಸಿ ಮಾಡುವ ಮೆಷಿನ್ ಪಕ್ಕದಲ್ಲೇ ಇತ್ತು, ಆಫ್ ಆಗಿತ್ತು.

ಕೆಟ್ಟಿದ್ದೇ ಅಲ್ಲಿ. ತಣ್ಣಗಿನ ಟೋರ್ಟಿಯಾ ಆರಿದ ಅಕ್ಕಿರೊಟ್ಟಿ ಥರ, ಮಡಚಿದರೆ ಬಿರಿಯುತ್ತದೆ. ಅನ್ನ ತುಂಬಿದ ಈ ದಪ್ಪ ಬರ್ರಿಟೋ ಹೆಸರು ಮಾಡಿದ್ದು 1960ರ ದಶಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯಲ್ಲಿ. ಅಲ್ಲಿ ಟೋರ್ಟಿಯಾಗೆ ಮೊದಲು ಹಬೆ ಕೊಡುತ್ತಾರೆ. ಹಬೆ ತಾಗಿದರೆ ಅದು ಮೆತ್ತಗಾಗುತ್ತದೆ, ಎಳೆದರೂ ಹರಿಯುವುದಿಲ್ಲ. ಅಷ್ಟೊಂದು ಹೂರಣ ತಡೆಯುವುದು ಅದರಿಂದಲೇ.

ಇಲ್ಲಿ ಸಾಲ್ಸಾದ ನೀರನ್ನೂ ಬಸಿದಿರಲಿಲ್ಲ. ಒಂದೆರಡು ಸಲ ಕಚ್ಚುವಷ್ಟರಲ್ಲಿ ಬುಡ ಒಡೆದು ಕೆಂಪು ನೀರು ಮೊಣಕೈವರೆಗೆ ಇಳಿಯಿತು. ಮೇಲಿನ ಅರ್ಧ ಬರೀ ಅನ್ನ, ಅದೂ ತಣ್ಣಗೆ. ಪನೀರ್, ಗ್ವಾಕಮೋಲೆ ಎಲ್ಲ ತಳದಲ್ಲಿ ಒಂದೇ ಕಡೆ ಮುದ್ದೆಯಾಗಿತ್ತು. 280 ರೂಪಾಯಿ ಕೊಟ್ಟು ಫಾಯಿಲ್ ಬಿಚ್ಚಿ ಸ್ಪೂನಿನಲ್ಲಿ ತಿನ್ನುವುದು ಅಂದ್ರೆ ಹೊಟ್ಟೆ ಉರಿಯುತ್ತೆ ಅಲ್ವಾ?

ಇನ್ನೊಂದು ದಿನ ಅಲ್ಲೇ ಬೌಲ್ ತಗೊಂಡೆ, ಅಂದ್ರೆ ಟೋರ್ಟಿಯಾ ಇಲ್ಲದೆ ಅದೇ ಹೂರಣ ಬಟ್ಟಲಿನಲ್ಲಿ. ಎಷ್ಟೋ ವಾಸಿ. ಒಡೆಯುವ ಗೋಜಿಲ್ಲ, ಕಲಸಿಕೊಂಡು ತಿನ್ನಬಹುದು. ಬೆಲೆ 260.

ರೋಲ್ ಅಂಗಡಿಯಲ್ಲಿ ಕಾದ ತವಾ ಮೇಲೆ ಮೊಟ್ಟೆ ಒಡೆದು ಹರಡುತ್ತಾರೆ. ಅದು ಹಸಿ ಇರುವಾಗಲೇ ಪರೋಟ ಹಾಕಿ ಒತ್ತುತ್ತಾರೆ. ಎರಡೂ ಅಂಟಿಕೊಂಡು ಒಂದೇ ಪದರ ಆಗುವುದರಿಂದ ಈರುಳ್ಳಿ, ನಿಂಬೆರಸದ ನೀರು ಬೇಗ ಹೊರಗೆ ಬರುವುದಿಲ್ಲ. ಹಸಿಮೆಣಸು ಜಾಸ್ತಿ ಹಾಕಿಸಿಕೊಂಡು, ಕಾಗದ ಸ್ವಲ್ಪ ಸ್ವಲ್ಪವೇ ಹರಿಯುತ್ತಾ ಕೊನೆಯವರೆಗೂ ಬಿಸಿಬಿಸಿ ತಿನ್ನಬಹುದು. 70 ರೂಪಾಯಿ. ಮೊಟ್ಟೆ ತಿನ್ನದವರಿಗೆ ಪನೀರ್ ರೋಲ್ ಇದೆ. ಕೂರಲು ಜಾಗ ಇಲ್ಲ, ನಿಂತೇ ತಿನ್ನಬೇಕು.

ಮಧ್ಯಾಹ್ನದ ಊಟಕ್ಕೆ ನಾನು ನೂರು ರೂಪಾಯಿ ದಾಟುವುದು ಅಪರೂಪ, ಬಿಡುವೂ ಕಮ್ಮಿ. ಹಾಗಾಗಿ ನನಗೆ ರೋಲೇ ಸರಿ. ಮನೆಯವರ ಜೊತೆ ಮಾಲ್‌ಗೆ ಹೋದಾಗ ಬೌಲ್ ತಗೊಳ್ತೀನಿ, ಸಾಲ್ಸಾ ಬೇರೆ ಕಪ್ಪಿನಲ್ಲಿ ಹಾಕಿಸ್ತೀನಿ. ಬರ್ರಿಟೋನೇ ಬೇಕು ಅನ್ನುವವರು ಬಿಲ್ ಮಾಡಿಸುವ ಮೊದಲು ಆ ಮೆಷಿನ್ ಆನ್ ಇದೆಯಾ ನೋಡಿಕೊಳ್ಳಿ.