ಅರ್ಜಿ ನಂಬರ್ ಸಿಕ್ಕಿದರೆ ಟ್ರೇಡ್‌ಮಾರ್ಕ್ ಸಿಕ್ಕಿದ ಹಾಗಲ್ಲ

ನನ್ನ ಟ್ರೇಡ್‌ಮಾರ್ಕ್ ಅರ್ಜಿ ಬಿದ್ದುಹೋಗಿ ಐದು ತಿಂಗಳಾದ ಮೇಲೆ ನನಗೆ ವಿಷಯ ಗೊತ್ತಾಯಿತು. ಅಲ್ಲಿಯವರೆಗೂ ಹೆಸರು ನನ್ನದೇ ಅಂದುಕೊಂಡು ಸೋಪಿನ ಡಬ್ಬಿಗಳನ್ನು ಅಚ್ಚು ಹಾಕಿಸುತ್ತಲೇ ಇದ್ದೆ. ಹೆಸರು ನೋಂದಾಯಿಸಲು ಹೊರಟವರು ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ.

ನಾನು ಸೋಪು ಮಾಡಿ ಮಾರುತ್ತೇನೆ. ಗಿರಾಕಿಗಳು ಹೆಸರು ಹಿಡಿದು ಕೇಳಲು ಶುರು ಮಾಡಿದಾಗ ಒಬ್ಬ ಏಜೆಂಟರನ್ನು ಹಿಡಿದೆ. ‘ಎರಡೇ ದಿನದಲ್ಲಿ ಟ್ರೇಡ್‌ಮಾರ್ಕ್’ ಅನ್ನುವುದು ಅವರ ಜಾಹೀರಾತು. ಹೇಳಿದಂತೆಯೇ ಎರಡನೇ ದಿನ ಸಂಜೆ ಒಂದು ರಸೀದಿ ಬಂತು. ಮೇಲೆ ಅರ್ಜಿ ನಂಬರ್, ಪಕ್ಕದಲ್ಲಿ ದಿನಾಂಕ, ನಡುವೆ ನನ್ನ ಲೋಗೋ. “ಮುಗೀತು, ಇನ್ಮೇಲೆ ಹೆಸರು ನಿಮ್ದೇ. ಆರ್ ಗುರುತು ಹಾಕ್ಕೊಳ್ಳಿ” ಅಂದರು. ನಾನು ನಂಬಿದೆ. ಮೂರು ಸಾವಿರ ಡಬ್ಬಿಗಳ ಮೇಲೆ ವೃತ್ತದೊಳಗಿನ ಆರ್ ಅಚ್ಚಾಯಿತು.

ಅದು ಮೊದಲ ತಪ್ಪು. ಆ ಆರ್ ಗುರುತು ನೋಂದಣಿ ಆದವರಿಗೆ ಮಾತ್ರ. ಆಗದೇ ಹಾಕಿಕೊಂಡರೆ ಭಾರತ, ಬ್ರಿಟನ್ ಸೇರಿ ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಅರ್ಜಿ ಹಾಕಿದವರು ಟಿಎಂ ಅಂತ ಹಾಕಿಕೊಳ್ಳಬಹುದು, ಅಷ್ಟೇ. ಆಮೇಲೆ ಒಂದೊಂದೇ ಡಬ್ಬಿಯ ಮೇಲೆ ಚೀಟಿ ಅಂಟಿಸಿ ಅದನ್ನು ಮುಚ್ಚಬೇಕಾಯಿತು.

ಆದರೆ ನನ್ನನ್ನು ಮುಳುಗಿಸಿದ್ದು ಅದಲ್ಲ. ಅದೇ ರಸೀದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯವರು ಪತ್ರ ಕಳಿಸಬೇಕಾದ ಇಮೇಲ್ ವಿಳಾಸ. ಅಲ್ಲಿ ಇದ್ದದ್ದು ಏಜೆಂಟರ ವಿಳಾಸ, ನನ್ನದಲ್ಲ. ಆ ಸಾಲನ್ನು ನಾನು ಓದಲೇ ಇಲ್ಲ.

ಅರ್ಜಿ ಒಳಗೆ ಹೋದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಮೊದಲು ಕಾಗದಪತ್ರ, ಶುಲ್ಕ ಸರಿಯಿದೆಯಾ ಅಂತ ನೋಡುತ್ತಾರೆ. ಆಮೇಲೆ ಒಬ್ಬ ಪರೀಕ್ಷಕರು ಹೆಸರನ್ನು ತೂಗಿ ನೋಡುತ್ತಾರೆ. ಇದು ವಸ್ತುವಿನ ಗುಣವನ್ನೇ ಹೇಳುವ ಮಾತಾ? ಮೊದಲೇ ಇರುವ ಯಾರದ್ದಾದರೂ ಹೆಸರಿಗೆ ಹತ್ತಿರ ಇದೆಯಾ? ಎಲ್ಲ ಕಡೆ ಎರಡನ್ನೂ ನೋಡುವುದಿಲ್ಲ. ಯುರೋಪ್ ಒಕ್ಕೂಟದಲ್ಲಿ ಹಳೆಯ ಹೆಸರಿಗೆ ಹೋಲುತ್ತದೆ ಅನ್ನುವ ಕಾರಣಕ್ಕೆ ಕಚೇರಿ ತಾನಾಗಿ ಅರ್ಜಿ ತಳ್ಳಿಹಾಕುವುದಿಲ್ಲ. ಹಳೆಯ ಮಾಲೀಕರೇ ಮುಂದೆ ಬಂದು ವಿರೋಧಿಸಬೇಕು. ಭಾರತ, ಅಮೆರಿಕದಲ್ಲಿ ಪರೀಕ್ಷಕರೇ ಕೇಳುತ್ತಾರೆ.

ಅನುಮಾನ ಬಂದರೆ ಪರೀಕ್ಷಾ ವರದಿ ಕಳಿಸುತ್ತಾರೆ. ಅದಕ್ಕೆ ಉತ್ತರ ಕೊಡಲು ಗಡುವು ಇರುತ್ತದೆ. ಭಾರತದಲ್ಲಿ ವರದಿ ಕೈಸೇರಿದ 30 ದಿನ, ಅಮೆರಿಕದಲ್ಲಿ 3 ತಿಂಗಳು. ಉತ್ತರ ಹೋಗದಿದ್ದರೆ ‘ಇವರಿಗೆ ಈ ಅರ್ಜಿ ಬೇಡ’ ಅಂತ ಕೈಬಿಡಬಹುದು.

ನನ್ನ ವರದಿ ಬಂದದ್ದು ಏಳನೇ ತಿಂಗಳಿಗೆ. ಹೋಗಿ ಬಿದ್ದದ್ದು ಏಜೆಂಟರ ಮೇಲ್‌ಗೆ. ಅಷ್ಟರಲ್ಲಿ ಅವರು ಆ ವ್ಯವಹಾರವನ್ನೇ ಬಿಟ್ಟಿದ್ದರು. ಫೋನ್ ಎತ್ತುತ್ತಿರಲಿಲ್ಲ. ಕೆಲಸ ಮುಗಿದಿದೆಯಲ್ಲ ಅಂತ ನಾನೂ ತಲೆ ಕೆಡಿಸಿಕೊಂಡಿರಲಿಲ್ಲ. ಕೊನೆಗೆ ಒಬ್ಬ ದೊಡ್ಡ ವ್ಯಾಪಾರಿ ನೋಂದಣಿ ಪ್ರಮಾಣಪತ್ರ ತೋರಿಸಿ ಅಂದರು. ರಸೀದಿ ಕೊಟ್ಟೆ. “ಇದು ಅರ್ಜಿ ಹಾಕಿದ್ದಕ್ಕೆ ಅಲ್ವಾ? ಪ್ರಮಾಣಪತ್ರ ಎಲ್ಲಿ?” ಅಂದರು. ಅವತ್ತು ರಾತ್ರಿ ಕಚೇರಿಯ ಜಾಲತಾಣದಲ್ಲಿ ಮೊದಲ ಸಲ ನಂಬರ್ ಹಾಕಿ ನೋಡಿದೆ. ಕೈಬಿಡಲಾಗಿದೆ ಅಂತ ಇತ್ತು.

ವರದಿಯನ್ನು ತೆರೆದು ಓದಿದಾಗ ಇನ್ನೂ ಸಂಕಟ ಆಯಿತು. ಎದ್ದಿದ್ದ ಪ್ರಶ್ನೆ ಒಂದೇ. ಹಳೆಯ ಒಂದು ಹೆಸರಿಗೆ ಹೋಲುತ್ತದೆ ಅಂತ. ಆ ಹೆಸರು ಇದ್ದದ್ದು ಗೋಡೆಗೆ ಬಳಿಯುವ ಬಣ್ಣಕ್ಕೆ! ಬಣ್ಣಕ್ಕೂ ಸೋಪಿಗೂ ಗಿರಾಕಿ ಬೇರೆ, ಅಂಗಡಿ ಬೇರೆ. ಒಂದು ಪುಟದ ಉತ್ತರಕ್ಕೆ ಒಳ್ಳೆ ಬಲ ಇರುತ್ತಿತ್ತು ಅಂತ ವಕೀಲರು ಹೇಳಿದರು.

ಮತ್ತೆ ಅರ್ಜಿ ಹಾಕಿದರಾಯಿತು ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಅರ್ಜಿ ಬಿದ್ದರೆ ಅದರ ಜೊತೆ ದಿನಾಂಕವೂ ಹೋಗುತ್ತದೆ. ಈ ಸರದಿಯಲ್ಲಿ ನಿಮ್ಮ ಜಾಗ ಎಂದರೆ ಆ ದಿನಾಂಕವೇ. 1876ರ ಜನವರಿ 1ರಂದು ಬ್ರಿಟನ್ನಿನಲ್ಲಿ ನೋಂದಣಿ ಶುರುವಾದಾಗ ಮೊದಲ ನಂಬರ್ ಸಿಕ್ಕಿದ್ದು ಬಾಸ್ ಕಂಪನಿಯ ಕೆಂಪು ತ್ರಿಕೋನಕ್ಕೆ. ಅದಕ್ಕಾಗಿ ಅವರ ನೌಕರನೊಬ್ಬ ಹಿಂದಿನ ರಾತ್ರಿಯೆಲ್ಲಾ ಬಾಗಿಲಲ್ಲೇ ಕಾದಿದ್ದ ಅನ್ನುವ ಕಥೆ ಇದೆ. ನಾನು ಕಾದು ಪಡೆದ ಜಾಗವನ್ನು ಗೊತ್ತಿಲ್ಲದೇ ಬಿಟ್ಟುಕೊಟ್ಟಿದ್ದೆ. ನನ್ನ ಎರಡನೇ ಅರ್ಜಿಗಿಂತ ಏಳು ವಾರ ಮುಂಚೆ, ಕೇಳಿದರೆ ನನ್ನದೇ ಅನ್ನಿಸುವ ಹೆಸರಿನಲ್ಲಿ ಬೇರೊಬ್ಬರು ಅರ್ಜಿ ಹಾಕಿದ್ದರು. ಮುಖ ತೊಳೆಯುವ ದ್ರವಕ್ಕೆ. ನನ್ನ ಹಳೆಯ ಅರ್ಜಿ ಜೀವಂತ ಇದ್ದಿದ್ದರೆ ಅವರ ದಾರಿಗೆ ನಾನು ಅಡ್ಡ. ಈಗ ನನ್ನ ದಾರಿಗೆ ಅವರು ಅಡ್ಡ.

ಇನ್ನು ಉಳಿದದ್ದು ಒಂದೇ ದಾರಿ. ಪರೀಕ್ಷೆ ದಾಟಿದ ಹೆಸರನ್ನು ಕಚೇರಿಯ ಜರ್ನಲ್‌ನಲ್ಲಿ ಪ್ರಕಟಿಸುತ್ತಾರೆ. ಆಗ ಬೇರೆಯವರು ವಿರೋಧ ಸಲ್ಲಿಸಬಹುದು. ಅಮೆರಿಕದಲ್ಲಿ ಅದಕ್ಕೆ 30 ದಿನ, ಯುರೋಪ್ ಒಕ್ಕೂಟದಲ್ಲಿ 3 ತಿಂಗಳು, ಭಾರತದಲ್ಲಿ 4 ತಿಂಗಳು. ಯಾರೂ ವಿರೋಧಿಸದಿದ್ದರೆ, ಅಥವಾ ವಿರೋಧ ಬಿದ್ದುಹೋದರೆ, ನೋಂದಣಿ. ಅಲ್ಲಿಗೆ 10 ವರ್ಷದ ಹಕ್ಕು, ಆಮೇಲೆ ನವೀಕರಣ. ಆ ಮುಖ ತೊಳೆಯುವ ದ್ರವದವರ ಹೆಸರು ಪ್ರಕಟವಾದಾಗ, ನಾನು ಮೊದಲೇ ಬಳಸುತ್ತಿದ್ದೆ ಅಂತ ವಿರೋಧ ಹಾಕಿದೆ. ಭಾರತ, ಬ್ರಿಟನ್, ಅಮೆರಿಕದಂಥ ಕಡೆ ಮೊದಲು ಬಳಸಿದವರ ಮಾತಿಗೆ ಬೆಲೆ ಇದೆ. ಚೀನಾದಂಥ ಕಡೆ ಮುಖ್ಯವಾಗಿ ಮೊದಲು ಅರ್ಜಿ ಹಾಕಿದವರದೇ ಮೇಲುಗೈ.

ಬಳಸಿದ್ದಕ್ಕೆ ಸಾಕ್ಷಿ ಕೇಳಿದರು. ನನ್ನ ಬಿಲ್ ಪುಸ್ತಕ ತೆಗೆದರೆ ಪುಟ ಪುಟದಲ್ಲೂ ‘ಸೋಪು – 40’, ‘ಸೋಪು – 25’. ಬ್ರಾಂಡ್ ಹೆಸರು ಒಂದು ಕಡೆಯೂ ಇಲ್ಲ. ವರ್ಷಗಟ್ಟಲೆ ಮಾರಿದ್ದೇನೆ, ಆದರೆ ಆ ಹೆಸರಿನಲ್ಲೇ ಮಾರಿದೆ ಅಂತ ಆ ಪುಸ್ತಕ ಹೇಳುವುದಿಲ್ಲ. ಕೊನೆಗೆ ಕೈಹಿಡಿದದ್ದು ಡಬ್ಬಿ ಅಚ್ಚು ಹಾಕಿದವರ ಹಳೇ ಬಿಲ್. ಅದರಲ್ಲಿ ಹೆಸರೂ ಇತ್ತು, ತಾರೀಖೂ ಇತ್ತು. ಇವತ್ತಿನಿಂದಲೇ ನಿಮ್ಮ ಪ್ರತಿ ಬಿಲ್ಲಿನಲ್ಲಿ ಬ್ರಾಂಡ್ ಹೆಸರು ಬರೆಯಿರಿ.

ಕ್ಲಾಸ್ ವಿಷಯವನ್ನೂ ಹೇಳಿಬಿಡುತ್ತೇನೆ. ಹೆಸರು ಯಾವ ಬಗೆಯ ವಸ್ತುವಿಗೆ ಅಂತ ಗುಂಪು ಮಾಡುವ ಅಂತರರಾಷ್ಟ್ರೀಯ ಪಟ್ಟಿಯಾದ ನೈಸ್ ವರ್ಗೀಕರಣದಲ್ಲಿ 45 ಕ್ಲಾಸ್‌ಗಳಿವೆ. 34ರವರೆಗೆ ವಸ್ತುಗಳು, ಮುಂದಿನವು ಸೇವೆಗಳು. ಸೋಪು 3ನೇ ಕ್ಲಾಸ್. ನಾನು ಮೇಣದಬತ್ತಿಯನ್ನೂ ಮಾಡುತ್ತೇನೆ, ಅದು 4ನೆಯದು. ಏಜೆಂಟರು ಕೇಳಲಿಲ್ಲ, ನಾನು ಹೇಳಲಿಲ್ಲ. ಅರ್ಜಿ ಹಾಕಿದ ಮೇಲೆ ವಸ್ತುಗಳ ಪಟ್ಟಿಯನ್ನು ಕಡಿಮೆ ಮಾಡಬಹುದು, ಜಾಸ್ತಿ ಮಾಡಲು ಆಗುವುದಿಲ್ಲ. ಮೇಣದಬತ್ತಿಗೆ ಬೇರೆ ಅರ್ಜಿಯೇ ಹಾಕಬೇಕಾಯಿತು.

ಇನ್ನೊಂದು ಮೋಸದಿಂದ ಕೂದಲೆಳೆಯಲ್ಲಿ ಪಾರಾದೆ. ಎರಡನೇ ಅರ್ಜಿ ಹಾಕಿದ ಕೆಲವೇ ವಾರಕ್ಕೆ ಒಂದು ಬಿಲ್ ಬಂತು. ನನ್ನ ಲೋಗೋ, ಅರ್ಜಿ ನಂಬರ್, ಕ್ಲಾಸ್ ಎಲ್ಲ ಸರಿಯಾಗಿತ್ತು. ‘ಪ್ರಕಟಣಾ ಶುಲ್ಕ, ಹತ್ತು ದಿನದೊಳಗೆ ಕಟ್ಟಿ’ ಅಂತ ಬರೆದಿತ್ತು. ಮೊದಲೇ ಒಂದು ಪತ್ರ ತಪ್ಪಿಸಿಕೊಂಡು ಸುಟ್ಟುಕೊಂಡವಳು ನಾನು, ಹೆದರಿ ಕಟ್ಟಲು ಕೂತೇಬಿಟ್ಟೆ. ವಕೀಲರಿಗೆ ಒಂದು ಫೋಟೋ ಕಳಿಸಿದ್ದರಿಂದ ಬಚಾವಾದೆ. ಅರ್ಜಿಯ ವಿವರ ಯಾರು ಬೇಕಾದರೂ ನೋಡಬಹುದು. ಅದನ್ನೇ ನೋಡಿ ಇಂಥವರು ಬಿಲ್ ಕಳಿಸುತ್ತಾರೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಯಾವ ಬಿಲ್ ಬಂದರೂ ಮೊದಲು ನೋಂದಣಿ ಕಚೇರಿಯ ಅಧಿಕೃತ ಜಾಲತಾಣದಲ್ಲಿ ತಾಳೆ ನೋಡಿ.

ನನ್ನ ಹೆಸರು ಏನು ಅಂತ ಇಲ್ಲಿ ಹೇಳುತ್ತಿಲ್ಲ, ಕ್ಷಮಿಸಿ. ವಿರೋಧದ ವಿಚಾರಣೆ ಇನ್ನೂ ನಡೆಯುತ್ತಿದೆ. ಈಗ ಪ್ರತಿ ಸೋಮವಾರ ಬೆಳಿಗ್ಗೆ ನನ್ನ ಮೂರೂ ನಂಬರ್ ಹಾಕಿ ಸ್ಟೇಟಸ್ ನೋಡುತ್ತೇನೆ. ಎರಡು ನಿಮಿಷದ ಕೆಲಸ. ನಿಮ್ಮದೂ ಅರ್ಜಿ ಇದ್ದರೆ ರಸೀದಿ ತೆಗೆದು ಕೆಳಗಿನ ಆ ಸಣ್ಣ ಸಾಲು ನೋಡಿ. ಅಲ್ಲಿ ಇರುವ ಮೇಲ್ ಯಾರದ್ದು? ನಿಮ್ಮದೂ ಇಲ್ಲದಿದ್ದರೆ ಇವತ್ತೇ ಸೇರಿಸಲು ಕೇಳಿ.