ಐರ್ಲೆಂಡಿನಲ್ಲಿ ಅಟ್ಟಕ್ಕೆ ಸರ್ಕಾರದ ಗ್ರ್ಯಾಂಟ್: ದುಡ್ಡು ಬರುತ್ತದೆ, ಏಣಿ ಹತ್ತಿ ನೋಡುವ ಕೆಲಸ ನಿಮ್ಮದು

ಐರ್ಲೆಂಡಿನಲ್ಲಿ ಹಳೇ ಮನೆ ಕೊಂಡ ಕನ್ನಡದವರು ಮೊದಲ ಚಳಿಗಾಲದಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಗ್ಯಾಸ್ ಬಿಲ್ ನೋಡಿದರೆ ತಲೆ ತಿರುಗುತ್ತದೆ, ಆದರೂ ಮನೆ ಬೆಚ್ಚಗಾಗುವುದಿಲ್ಲ, ಬಾಯ್ಲರ್ ಬದಲಾಯಿಸಬೇಕಾ? ಬಾಯ್ಲರ್ ಆಮೇಲೆ. ಮೊದಲು ಏಣಿ ಹಾಕಿ ಅಟ್ಟ ನೋಡಿ. ಮನೆಯ ಬಿಸಿ ಆಚೆ ಹೋಗದ ಹಾಗೆ ಅಲ್ಲಿ ಹಾಸಿರುವ ಉಣ್ಣೆ, ಅಂದರೆ ಇನ್ಸುಲೇಷನ್, ಒಂದು ಗೇಣೂ ಇಲ್ಲ ಅಂದರೆ ನಿಮ್ಮ ದುಡ್ಡು ಹೆಂಚಿನ ಸಂದಿಯಿಂದ ಆಚೆ ಹೋಗುತ್ತಿದೆ.

ನಾವು 2023ರಲ್ಲಿ ಎಸ್‌ಇಎಐ, ಅಂದರೆ ಸಸ್ಟೈನಬಲ್ ಎನರ್ಜಿ ಅಥಾರಿಟಿ ಆಫ್ ಐರ್ಲೆಂಡ್ ಅನ್ನುವ ಸರ್ಕಾರಿ ಸಂಸ್ಥೆ, ಕೊಡುವ ಗ್ರ್ಯಾಂಟ್ ತಗೊಂಡು ಅಟ್ಟದ ಇನ್ಸುಲೇಷನ್ ಮಾಡಿಸಿದೆವು. ಗ್ರ್ಯಾಂಟಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕೆಲಸ ಮಾಡಲು ಬಂದ ಕಂಪನಿಗೆ ಎರಡು. ಅದೂ ಕೊನೆಗೆ ವಾಪಸ್ ಬಂದು ಸರಿ ಮಾಡಿಕೊಟ್ಟರು ಅನ್ನುವ ಕಾರಣಕ್ಕೆ. ಕಂಪನಿಯ ಹೆಸರು ಬರೆಯುವುದಿಲ್ಲ, ಕೇಳಬೇಡಿ.

ನಮ್ಮದು ಕಿಲ್ಡೇರ್ ಕೌಂಟಿಯ ಲೀಕ್ಸ್‌ಲಿಪ್‌ನಲ್ಲಿರುವ ಮನೆ. 1970ರ ದಶಕದಲ್ಲಿ ಕಟ್ಟಿದ್ದು, ಇಲ್ಲಿನವರ ಭಾಷೆಯಲ್ಲಿ ಸೆಮಿ-ಡಿ, ಒಂದು ಗೋಡೆ ಪಕ್ಕದ ಮನೆಯವರಿಗೂ ನಮಗೂ ಒಂದೇ. ಅಟ್ಟಕ್ಕೆ ಎಷ್ಟು ಗ್ರ್ಯಾಂಟ್ ಸಿಗುತ್ತದೆ ಅನ್ನುವುದು ಮನೆಯ ಬಗೆ ನೋಡಿ ತೀರ್ಮಾನವಾಗುತ್ತದೆ. ನಾವು ಹಾಕಿದಾಗ ಅಪಾರ್ಟ್‌ಮೆಂಟಿಗೆ 800 ಯೂರೋ, ಸಾಲಿನ ನಡುವಿನ ಮನೆಗೆ 1,200, ಸೆಮಿ-ಡಿಗೆ 1,300, ಒಂಟಿ ಮನೆಗೆ 1,500 ಇತ್ತು. 2022ರ ಫೆಬ್ರವರಿಗೆ ಮೊದಲು ಬರೀ 400 ಕೊಡುತ್ತಿದ್ದರಂತೆ. ಸಾಮಾನ್ಯವಾಗಿ ತಗಲುವ ಖರ್ಚಿನಲ್ಲಿ ಸುಮಾರು 80 ಶೇಕಡಾ ತಾವೇ ಹೊರುವ ಲೆಕ್ಕದಲ್ಲಿ ಆಗ ಏರಿಸಿದರು. ಈ ದರಗಳು ಬದಲಾಗುತ್ತಾ ಇರುತ್ತವೆ, ಹಾಗಾಗಿ ಅರ್ಜಿ ಹಾಕುವ ದಿನ ಅವರ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ.

ಅರ್ಜಿ ಮಾತ್ರ ನಿಜವಾಗಲೂ ಸಲೀಸು. ಮನೆ 2011ಕ್ಕೆ ಮೊದಲು ಕಟ್ಟಿ ಜನ ವಾಸ ಇದ್ದದ್ದಾಗಿರಬೇಕು. ಮಾಲೀಕರು ನೀವಾಗಿರಬೇಕು. ಬಾಡಿಗೆಗೆ ಕೊಟ್ಟಿದ್ದರೂ ಪರವಾಗಿಲ್ಲ. ಆದಾಯ ಎಷ್ಟು ಅಂತ ಕೇಳುವುದೇ ಇಲ್ಲ. ಕರೆಂಟ್ ಬಿಲ್ಲಿನ ಮೇಲೆ ಎಂಪಿಆರ್‌ಎನ್ ಅಂತ 11 ಅಂಕಿಯ ನಂಬರ್ ಇರುತ್ತದೆ, ಅದನ್ನು ಹಾಕಬೇಕು. ಎಸ್‌ಇಎಐ ಪಟ್ಟಿಯಲ್ಲಿರುವ ಗುತ್ತಿಗೆದಾರರಲ್ಲಿ ಒಬ್ಬರನ್ನು ಆರಿಸಬೇಕು. ಅಷ್ಟೇ. ಆದಾಯ ಪ್ರಮಾಣಪತ್ರ, ನೋಟರಿ ಸಹಿ, ಮೂರು ಜೆರಾಕ್ಸ್, ಏನೂ ಇಲ್ಲ. ಸಾಗರದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಅಟ್ಟಕ್ಕೆ ಉಣ್ಣೆ ಹಾಸೋಕೂ ಸರ್ಕಾರ ದುಡ್ಡು ಕೊಡುತ್ತಾ ಮಾರಾಯ್ತಿ? ಇಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸೋಕೆ ಕೊಡಿ ಅಂದ್ರೆ ಮಳೆಗಾಲನೇ ಮುಗಿದು ಹೋಗುತ್ತೆ" ಅಂದರು.

ಒಂದು ವಿಷಯ ಮೊದಲೇ ನೋಡಿಕೊಳ್ಳಬೇಕು. ಗ್ರ್ಯಾಂಟ್ ಕೊಡುವುದು ಮನೆಗೆ. ಹಿಂದಿನ ಮಾಲೀಕರು ಇದೇ ಕೆಲಸಕ್ಕೆ ಆಗಲೇ ತಗೊಂಡಿದ್ದರೆ ನಿಮಗೆ ಮತ್ತೆ ಸಿಗುವುದಿಲ್ಲ. ಮನೆ ಕೊಳ್ಳುವಾಗಲೇ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು.

ಮೂರು ಕಡೆ ಕೊಟೇಶನ್ ತಗೊಂಡೆವು. ಒಬ್ಬರು 1,650 ಅಂದರು, ಒಬ್ಬರು 1,800. ಮೂರನೆಯವರು 2,900. ಅದರಲ್ಲಿ ಅಟ್ಟಕ್ಕೆ ಹಲಗೆ ಹೊಡೆಯುವುದೂ ಸೇರಿತ್ತು. ಈ ಮೂರನೆಯವರ ಮಾತು ಚೆನ್ನಾಗಿತ್ತು: "ಗುರುವಾರ ನಮ್ಮ ಹುಡುಗರು ಖಾಲಿ ಇದ್ದಾರೆ, ಮುಗಿಸಿಬಿಡುತ್ತೇವೆ, ಗ್ರ್ಯಾಂಟ್ ಅರ್ಜಿ ನೀವು ಆಮೇಲೆ ಹಾಕಿಕೊಳ್ಳಿ." ಸುಮ್ನೆ ನಕ್ಕು ಕಳಿಸಿದೆವು. ಯಾಕೆಂದರೆ ಇಡೀ ಯೋಜನೆಯಲ್ಲಿ ಬಗ್ಗದ ನಿಯಮ ಅದೊಂದೇ. ಗ್ರ್ಯಾಂಟ್ ಆಫರ್ ಕೈಗೆ ಬರುವ ಮೊದಲು ಕೆಲಸ ಶುರುವಾಗಿರಬಾರದು, ಸಾಮಾನೂ ಕೊಂಡಿರಬಾರದು. ಬಂದ ಮೇಲೆ ಎಂಟು ತಿಂಗಳು ಟೈಮ್ ಇರುತ್ತದೆ. ಆನ್‌ಲೈನಿನಲ್ಲಿ ಹಾಕಿದರೆ ಆಫರ್ ಬೇಗ ಬರುತ್ತದೆ, ಹಾಗಾಗಿ ಅವಸರಕ್ಕೆ ಕಾರಣವೇ ಇಲ್ಲ. ನಮಗೆ ಗೊತ್ತಿರುವ ಒಬ್ಬರು ಗೋಡೆ ಕೆಲಸ ಮೊದಲು ಶುರು ಮಾಡಿಸಿ ಇಡೀ ದುಡ್ಡು ಕೈಯಿಂದಲೇ ಹಾಕಿದ್ದಾರೆ.

ನಾವು 1,800ರವರನ್ನು ಹಿಡಿದೆವು. ಅಗ್ಗದವರು ಮನೆಗೆ ಬಂದು ನೋಡಲೇ ಇಲ್ಲ, ಫೋನಿನಲ್ಲೇ ರೇಟ್ ಹೇಳಿದ್ದರು.

ಕೆಲಸ ಅರ್ಧ ದಿನದ್ದು. ಇಬ್ಬರು ಹುಡುಗರು ಬಂದರು, ವ್ಯಾನಿನ ತುಂಬ ಉಣ್ಣೆಯ ಸುರುಳಿ. ಕುರಿಯ ಉಣ್ಣೆಯಲ್ಲ, ಮಿನರಲ್ ವೂಲ್. ಮುಟ್ಟಿದರೆ ಕೈಯೆಲ್ಲ ತುರಿಕೆ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮೊದಲ ಪದರವನ್ನು ತೊಲೆಗಳ ನಡುವೆ ಹಾಸುತ್ತಾರೆ, ಎರಡನೆಯದನ್ನು ತೊಲೆಗಳಿಗೆ ಅಡ್ಡಲಾಗಿ. ಎರಡೂ ಸೇರಿ 300 ಮಿಲಿಮೀಟರ್ ಬರಬೇಕು. ಟೀ ಮಾಡಿಕೊಟ್ಟೆ, ಕುಡಿದರು, ಮಧ್ಯಾಹ್ನಕ್ಕೆ ಮುಗಿಯಿತು ಅಂದರು. ಒಂದು ಕಾಗದ ಮುಂದೆ ಇಟ್ಟು "ಇಲ್ಲಿ ಸಹಿ ಮಾಡಿ" ಅಂದರು.

ಆ ಕಾಗದವೇ ಡಿಕ್ಲರೇಷನ್ ಆಫ್ ವರ್ಕ್ಸ್. ಕೆಲಸ ಸರಿಯಾಗಿ ಮುಗಿದಿದೆ ಅಂತ ಗುತ್ತಿಗೆದಾರರೂ ಮನೆಯವರೂ ಸಹಿ ಹಾಕುವ ಪತ್ರ. ಅದು ಹೋಗದೆ ಎಸ್‌ಇಎಐ ಒಂದು ಯೂರೋ ಕೊಡುವುದಿಲ್ಲ. ಯಜಮಾನರು ಪೆನ್ನು ಹುಡುಕುತ್ತಿದ್ದರು. ನಾನು "ಒಂದು ನಿಮಿಷ ಇರ್ರೀ" ಅಂತ ಟಾರ್ಚ್ ಹಿಡಿದು ಮೇಲೆ ಹತ್ತಿದೆ. ಹೆಂಚಿನ ಮನೆಯಲ್ಲಿ ಬೆಳೆದವಳು, ಪಕಾಸು ರೀಪು ಯಾವುದು ಅಂತ ಯಾರೂ ಹೇಳಿಕೊಡಬೇಕಿಲ್ಲ.

ನಡುವೆ ಎಲ್ಲ ಚಂದ ಹಾಸಿದ್ದರು. ಅಂಚಿಗೆ ಬಗ್ಗಿ ನೋಡಿದರೆ ಸೂರಿನ ತನಕ ಉಣ್ಣೆ ತುರುಕಿ ಇಟ್ಟಿದ್ದಾರೆ. ಹೊರಗಿನ ಗಾಳಿ ಸೂರಿನ ಸಂದಿಯಿಂದ ಅಟ್ಟದೊಳಗೆ ಬಂದು ಆಡುತ್ತಿರಬೇಕು. ಅದನ್ನು ಮುಚ್ಚಿದರೆ ಕೆಳಗಿನ ಮನೆಯಿಂದ ಏರುವ ಹಬೆ ಅಲ್ಲೇ ಕೂತು, ಚಳಿಗೆ ನೀರಾಗಿ, ಮರಕ್ಕೆ ಬೂಷ್ಟು ಹಿಡಿಯುತ್ತದೆ. ನಮ್ಮ ಅಡುಗೆಯಲ್ಲಿ ಹಬೆ ಬೇರೆ ಜಾಸ್ತಿ. ಬೆಳಗ್ಗೆ ಇಡ್ಲಿ, ರಾತ್ರಿ ಅನ್ನ ಸಾರು.

ಆಮೇಲೆ ನೀರಿನ ಟ್ಯಾಂಕ್. ಇಲ್ಲಿ ಹಳೇ ಮನೆಗಳಲ್ಲಿ ತಣ್ಣೀರಿನ ಟ್ಯಾಂಕ್ ಅಟ್ಟದಲ್ಲೇ ಇರುತ್ತದೆ. ನಮ್ಮದು ತೊಲೆಯ ಮೇಲೇ ಕೂತಿದೆ. ಅಂಥ ಟ್ಯಾಂಕಿನ ಬದಿಗೂ ಮುಚ್ಚಳಕ್ಕೂ ಹೊದಿಕೆ ಹಾಕಿ, ಅಡಿಯಲ್ಲಿ ಮಾತ್ರ ಉಣ್ಣೆ ಹಾಕದೆ ಬಿಡಬೇಕು. ಕೆಳಗಿನ ಕೋಣೆಯ ಬಿಸಿ ಸ್ವಲ್ಪ ತಾಗುತ್ತಿದ್ದರೆ ನೀರು ಹೆಪ್ಪುಗಟ್ಟುವುದಿಲ್ಲ. ಅದನ್ನು ಸರಿಯಾಗಿ ಮಾಡಿದ್ದರು. ಆದರೆ ಪೈಪಿನ ಒಂದು ಉದ್ದ ಬರಿಮೈಯಲ್ಲಿತ್ತು. ಅಟ್ಟದ ಬಾಗಿಲು, ಅದೇ ನಾವು ಹತ್ತುವ ತೂತಿನ ಮುಚ್ಚಳ, ಅದಕ್ಕೆ ಏನೂ ಅಂಟಿಸಿರಲಿಲ್ಲ. ಸುತ್ತ ರಬ್ಬರ್ ಪಟ್ಟಿಯೂ ಇಲ್ಲ. ಎಲ್ಲ ಕಡೆ ಒಂದಡಿ ಉಣ್ಣೆ ಹಾಸಿ ನಡುವೆ ಬರೀ ಪ್ಲೈವುಡ್ ಹಲಗೆ ಇಟ್ಟರೆ ಏನು ಬಂತು?

ಫೋಟೋ ಹೊಡೆದು ಇಳಿದೆ. ಸಹಿ ಆಮೇಲೆ, ಉಳಿದ ದುಡ್ಡೂ ಆಮೇಲೆ ಅಂದೆ. ಹುಡುಗರ ಮುಖ ಸಪ್ಪಗಾಯಿತು. ಅವರದೇನೂ ತಪ್ಪಿಲ್ಲ ಬಿಡಿ, ದಿನಕ್ಕೆ ಎರಡು ಮನೆ ಮುಗಿಸು ಅಂತ ಮೇಲಿನವರು ಅಟ್ಟಿರುತ್ತಾರೆ. ಆಫೀಸಿಗೆ ಫೋನ್ ಮಾಡಿದರೆ "ಎಲ್ಲರ ಮನೆಯಲ್ಲೂ ಹೀಗೇ ಮಾಡುವುದು" ಅನ್ನುವ ಉತ್ತರ. ಫೋಟೋ ಇಮೇಲ್ ಮಾಡಿದೆ. ಗ್ರ್ಯಾಂಟ್ ಕೊಟ್ಟ ಮನೆಗಳಲ್ಲಿ ಕೆಲವನ್ನು ಎಸ್‌ಇಎಐ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ, ಅದನ್ನೂ ಒಂದು ಸಾಲಿನಲ್ಲಿ ನೆನಪಿಸಿದೆ. ಮುಂದಿನ ವಾರ ಹಿರಿಯ ಕೆಲಸಗಾರರೊಬ್ಬರು ಬಂದರು. ಸೂರಿನ ಹತ್ತಿರ ಉಣ್ಣೆ ಹಿಂದಕ್ಕೆ ಎಳೆದು, ಗಾಳಿ ಆಡಲು ಜಾಗ ಬಿಟ್ಟು ತಡೆ ಕೂರಿಸಿದರು. ಮುಚ್ಚಳಕ್ಕೆ ದಪ್ಪ ಫೋಮ್ ಅಂಟಿಸಿ, ಸುತ್ತ ಪಟ್ಟಿ ಹೊಡೆದರು. ಪೈಪಿಗೂ ಹೊದಿಕೆ ಬಂತು. ಇವರಿಗೆ ಬೇಕಾದರೆ ಐದಕ್ಕೆ ಐದು ಕೊಡುತ್ತೇನೆ.

ಚಿಮಣಿ ಪಕ್ಕದಲ್ಲಿ ಹೆಂಚಿನ ಕೆಳಗಿನ ಫೆಲ್ಟ್ ಹಾಳೆ ಒದ್ದೆಯಾಗಿರುವುದನ್ನು ತೋರಿಸಿದವರೂ ಅವರೇ. ಚಿಮಣಿ ಬುಡದ ಸೀಸದ ತಗಡು ಎದ್ದಿತ್ತು, ಎರಡು ಹೆಂಚೂ ಒಡೆದಿದ್ದವು. ಮೇಲಿಂದ ನೀರು ತೊಟ್ಟಿಕ್ಕಿದರೆ ಈ ಉಣ್ಣೆ ನೆನೆದ ಕಂಬಳಿಯ ಹಾಗೆ, ಇದ್ದೂ ಪ್ರಯೋಜನವಿಲ್ಲ. ಅದರ ದುರಸ್ತಿಗೆ 480 ಯೂರೋ ಕೈಯಿಂದ ಹೋಯಿತು. ಈ ಗ್ರ್ಯಾಂಟ್ ಹೆಂಚು, ತಗಡು, ಮಳೆನೀರಿನ ದೋಣಿ ಯಾವುದಕ್ಕೂ ಬರುವುದಿಲ್ಲ, ಇನ್ಸುಲೇಷನ್‌ಗೆ ಮಾತ್ರ. ನಾನು ಅರ್ಧ ಅಂಕ ಕಡಿಮೆ ಕೊಟ್ಟಿದ್ದು ಇದಕ್ಕೇ. ಸೋರುವ ಮಾಡಿನ, ಅಂದರೆ ಚಾವಣಿಯ, ಕೆಳಗೆ ಸರ್ಕಾರದ ದುಡ್ಡಿನ ಉಣ್ಣೆ ಹಾಸಿ ಏನು ಉಪಯೋಗ ಅಲ್ವಾ?

ಮಾಡಿನ ಕೆಲಸಕ್ಕೆ ಬೇರೆ ದಾರಿ ಇದೆ, ಆದರೆ ಎಲ್ಲರಿಗೂ ಅಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿ ಕೌಂಟಿ ಕೌನ್ಸಿಲ್ ಕಡೆಯಿಂದ ವಯಸ್ಸಾದವರ ಹೌಸಿಂಗ್ ಏಡ್ ತಗೊಂಡು ಹೆಂಚು ಬದಲಾಯಿಸಿಕೊಂಡರು. ಅದು 66 ದಾಟಿದವರಿಗೆ, ಆದಾಯ ನೋಡಿ ಕೊಡುತ್ತಾರೆ. ಆಗ ಹೆಚ್ಚೆಂದರೆ 8,000 ಯೂರೋ ಇತ್ತು. ಖಾಲಿಬಿದ್ದ ಮನೆ ಕೊಂಡು ರಿಪೇರಿ ಮಾಡಿಸುವ ಧೈರ್ಯ ಇದ್ದವರಿಗೆ ಇನ್ನೊಂದು ಗ್ರ್ಯಾಂಟ್ ಇದೆ. 2023ರ ಮೇ ತಿಂಗಳಿಂದ ಖಾಲಿ ಮನೆಗೆ 50,000, ಪೂರ್ತಿ ಹಾಳಾದದ್ದಕ್ಕೆ 70,000 ಯೂರೋವರೆಗೆ. ಅದರಲ್ಲಿ ಮಾಡಿನ ಕೆಲಸವೂ ಸೇರುತ್ತದೆ.

ನಮ್ಮ ದುಡ್ಡಿನ ಕಥೆಗೆ ಬರುತ್ತೇನೆ. ಮೊದಲು ಪೂರ್ತಿ 1,800 ನಾವೇ ಕೊಟ್ಟೆವು. ಅದಾದ ಮೇಲೆ ಬಿಇಆರ್ ಮಾಡಿಸಬೇಕು. ಮನೆ ಎಷ್ಟು ಶಕ್ತಿ ತಿನ್ನುತ್ತದೆ ಅಂತ ಎ1ರಿಂದ ಜಿವರೆಗೆ ದರ್ಜೆ ಕೊಡುವ ಸರ್ಟಿಫಿಕೇಟ್ ಅದು. ಅದಕ್ಕೆ 220 ಆಯಿತು. ಕಾಗದ ಎಲ್ಲ ಸೇರಿದ ಮೇಲೆ ಬ್ಯಾಂಕ್ ಖಾತೆಗೆ 1,300, ಬಿಇಆರ್ ಲೆಕ್ಕದ 50, ಒಟ್ಟು 1,350 ಬಂತು. ಮಾಡಿನ ರಿಪೇರಿ ಬಿಟ್ಟರೆ ನಮಗೆ ಬಿದ್ದದ್ದು 670. ಯಾರಿಗೂ ಫೋನ್ ಮಾಡಿ "ಎಲ್ಲಿಗೆ ಬಂತು" ಅಂತ ಕೇಳಬೇಕಾಗಲಿಲ್ಲ. ಕೈಯಲ್ಲಿ ದುಡ್ಡಿಲ್ಲದವರಿಗೆ ಮೊದಲು ಹಾಕಿ ಆಮೇಲೆ ವಾಪಸ್ ತಗೊಳ್ಳುವುದು ಕಷ್ಟವೇ. ಫ್ಯುಯೆಲ್ ಅಲೊವೆನ್ಸ್‌ನಂಥ (ಮನೆ ಬಿಸಿಮಾಡುವ ಖರ್ಚಿಗೆ ಕೊಡುವ ಭತ್ಯೆ) ನೆರವು ಪಡೆಯುವವರಿಗೆ ಪೂರ್ತಿ ಉಚಿತವಾಗಿ ಮಾಡಿಕೊಡುವ ವಾರ್ಮರ್ ಹೋಮ್ಸ್ ಯೋಜನೆ ಬೇರೆಯೇ ಇದೆ.

ಬಿಇಆರ್ ಡಿ2ರಿಂದ ಡಿ1 ಆಯಿತು, ಅಷ್ಟೇ. ಬಿ3 ಬಂದರೆ ಬ್ಯಾಂಕಿನವರು ಗ್ರೀನ್ ಮಾರ್ಟ್‌ಗೇಜ್ ಅಂತ ಕಡಿಮೆ ಬಡ್ಡಿ ಕೊಡುತ್ತಾರೆ ಅನ್ನುವ ಆಸೆಯಿಂದ ಅಟ್ಟ ಮಾಡಿಸುವವರು ಇದ್ದರೆ, ಬರೀ ಅಟ್ಟದಿಂದ ಅದು ಆಗುವುದು ಕಷ್ಟ. ಆದರೆ ಮನೆಯ ಒಳಗೆ ವ್ಯತ್ಯಾಸ ಗೊತ್ತಾಗುತ್ತದೆ. ಸಂಜೆ ಹೀಟಿಂಗ್ ಆರಿಸಿದರೆ ಮಲಗುವವರೆಗೂ ಮಹಡಿಯ ಕೋಣೆಗಳು ಬೆಚ್ಚಗೆ ಇರುತ್ತವೆ. ಮೊದಲು ಅರ್ಧ ಗಂಟೆಗೆ ಮೂಗು ತಣ್ಣಗಾಗುತ್ತಿತ್ತು. ಹಿಮ ಬಿದ್ದ ಬೆಳಗ್ಗೆ ರಸ್ತೆಯಲ್ಲಿ ನಿಂತು ನೋಡಿ, ಚೆನ್ನಾಗಿ ಇನ್ಸುಲೇಷನ್ ಆದ ಮನೆಯ ಮಾಡಿನ ಮೇಲೆ ಬಿಳಿ ಹಾಗೇ ಇರುತ್ತದೆ, ಪಕ್ಕದ್ದು ಬೇಗ ಕರಗಿರುತ್ತದೆ. ಕೆಳಗಿನ ಬಿಸಿ ಮೇಲೆ ಬರುತ್ತಿಲ್ಲ ಅಂತ ಅರ್ಥ. ಅದೇ ಕಾರಣಕ್ಕೆ ಈಗ ಅಟ್ಟ ಮೊದಲಿಗಿಂತ ತಣ್ಣಗೆ. ಊರಿಂದ ತಂದ ರೇಷ್ಮೆ ಸೀರೆಯ ಸೂಟ್‌ಕೇಸ್ ಮೇಲೆ ಇಟ್ಟಿದ್ದರೆ ಇಳಿಸಿಬಿಡಿ, ಮುಗ್ಗಲು ವಾಸನೆ ಹಿಡಿಯುತ್ತದೆ. ಉಣ್ಣೆಯ ಮೇಲೆ ಭಾರ ಹೇರಿ ಅಮುಕುವುದೂ ಬೇಡ, ಚಪ್ಪಟೆಯಾದಷ್ಟೂ ಕೆಲಸ ಕಡಿಮೆ ಮಾಡುತ್ತದೆ.

ಇನ್ನು ಗೋಡೆ. ಟೊಳ್ಳು ಗೋಡೆ, ಅಂದರೆ ನಡುವೆ ಸಂದಿ ಬಿಟ್ಟು ಕಟ್ಟಿದ ಜೋಡಿ ಗೋಡೆಯ ಒಳಗೆ ಥರ್ಮೊಕೋಲ್ ಮಣಿ ತುಂಬುವ ಕೆಲಸ ಅಗ್ಗ, ಅದಕ್ಕೂ ಸೆಮಿ-ಡಿಗೆ 1,200 ಯೂರೋ ಗ್ರ್ಯಾಂಟ್ ಇತ್ತು. ಆದರೆ ಡಬ್ಲಿನ್, ಕಿಲ್ಡೇರ್ ಕಡೆಯ ಎಷ್ಟೋ ಮನೆಗಳು ಹಾಲೋ ಬ್ಲಾಕಿನವು, ಅಂದರೆ ಒಳಗೆ ತೂತಿರುವ ಸಿಮೆಂಟ್ ಇಟ್ಟಿಗೆಯ ಒಂಟಿ ಗೋಡೆ. ಅವುಗಳೊಳಗೆ ತುಂಬಲು ಆಗುವುದಿಲ್ಲ. ನಮ್ಮದೂ ಅದೇ ಜಾತಿ. ಹೊರಗಿನಿಂದ ಹೊದಿಸಿದರೆ 6,000 ಗ್ರ್ಯಾಂಟ್ ಸಿಗುತ್ತಿತ್ತು, ನಮಗೆ ಬಂದ ಕೊಟೇಶನ್ 20,000 ದಾಟಿತ್ತು. ಒಳಗಿನಿಂದ ಮಾಡಿಸಿದರೆ 3,500 ಸಿಗುತ್ತಿತ್ತು, ಆದರೆ ಕೋಣೆ ಕಿರಿದಾಗುತ್ತದೆ, ಸ್ವಿಚ್ಚು ಸಾಕೆಟ್ಟು ಎಲ್ಲ ಕಿತ್ತು ಮುಂದಕ್ಕೆ ತರಬೇಕು. ಮಕ್ಕಳ ಕೋಣೆ ಉತ್ತರ ದಿಕ್ಕಿಗಿದೆ, ಅದೊಂದಕ್ಕೆ ಮಾಡಿಸೋಣ ಅಂತ ಮನೆಯಲ್ಲಿ ಮಾತು ನಡೆದಿದೆ. ಈ ಸಲ ಕೊಟೇಶನ್ ಕೇಳುವಾಗಲೇ ಕಿಟಕಿಯ ಮೂಲೆ ಹೇಗೆ ಮುಗಿಸುತ್ತೀರಿ, ಗಾಳಿಕಿಂಡಿ ಎಲ್ಲಿ ಬಿಡುತ್ತೀರಿ ಅಂತ ಬರೆದು ಕೊಡಿ ಅಂದಿದ್ದೇನೆ. ಇಬ್ಬರು ಉತ್ತರವನ್ನೇ ಕೊಟ್ಟಿಲ್ಲ. ಒಬ್ಬರು ಚಿತ್ರ ಬರೆದು ಕಳಿಸಿದ್ದಾರೆ, ಅವರು ಶನಿವಾರ ನೋಡಲು ಬರುತ್ತಾರೆ.